ಮನವೊಲಿಕೆಯ ಜಾಣ್ಮೆಯೂ ವಿದ್ಯಾರ್ಥಿಯ ವಿವೇಕವೂ

ಮಾನವನು ವಿಚಾರಶಕ್ತಿಯುಳ್ಳ ಪ್ರಾಣಿಯೆಂಬುದು ಸರ್ವವಿದಿತವಾದ ಮಾತು. ಆದರೆ ದಿನದ ಪ್ರತಿಯೊಂದು ಕಾರ್ಯವನ್ನೂ ವಿಚಾರ ಮಾಡಿಯೇ ಮಾಡುತ್ತೇನೆಂದು ಹೊರಟವನಿಗೆ ಬೆಳಗಿನ ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾದೀತು. ಆದುದರಿಂದ ಮನಸ್ಸು ತನ್ನ ಅನುಕೂಲಕ್ಕೆ ಕೆಲವು ಒಳದಾರಿಗಳನ್ನು ಮಾಡಿಕೊಂಡಿದೆ. ಉಪಕಾರಿಗೆ ಪ್ರತ್ಯುಪಕಾರ ಮಾಡುವುದು, ಆಡಿದ ಮಾತಿಗೆ ತಪ್ಪದಿರುವುದು, ಹತ್ತು ಜನರೊಡನೆ ಹೊಂದಿ ನಡೆಯುವುದು, ಹಿರಿಯರ ಮಾತನ್ನು ಮನ್ನಿಸುವುದು ಇವೆಲ್ಲ ಅಂಥವು. ಸಮಾಜವು ನಿಂತಿರುವುದೇ ಇವುಗಳ ಮೇಲೆ. ಮನೆಯಲ್ಲಿ ತಾಯಿತಂದೆಗಳು, ಶಾಲೆಯಲ್ಲಿ ಗುರುಗಳು ಮಕ್ಕಳಿಗೆ ಕಲಿಸುವುದೂ ಇವನ್ನೇ. ಆದರೆ ವಂಚಕನು ಹಿಡಿಯುವುದೂ ಇದೇ ದಾರಿಗಳನ್ನು. ಅವನು ಬಳಸಿಕೊಳ್ಳುವುದು ಹುಡುಗನ ದುರ್ಗುಣವನ್ನಲ್ಲ, ಅನೇಕ ವೇಳೆ ಸದ್ಗುಣವನ್ನೇ. ಈ ವಿಷಯವು ಶಿಕ್ಷಕರ ಗಮನಕ್ಕೆ ಅರ್ಹವಾಗುವುದು ಇದೇ ಕಾರಣದಿಂದ.

ಮೊದಲನೆಯದಾಗಿ ಉಪಕಾರ ಸ್ಮರಣೆಯನ್ನು ನೋಡೋಣ. ಜವಳಿ ಅಂಗಡಿಯಲ್ಲಿ ಕುಳಿತೊಡನೆ ಚಹವೋ ಷರಬತ್ತೋ ಬರುತ್ತದೆ. ಕುಡಿದ ಮೇಲೆ ಬರಿಗೈಯಲ್ಲಿ ಏಳಲು ಸಂಕೋಚವಾಗುತ್ತದೆ. ಅಮೆರಿಕದ ಡೆನ್ನಿಸ್ ರೀಗನ್ ಎಂಬ ಮನಶ್ಶಾಸ್ತ್ರಜ್ಞನು 1971ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಸಂಕೋಚದ ಬಲವನ್ನು ತೋರಿಸಿತು. ಕೇಳದಿದ್ದರೂ ಒಂದು ತಂಪು ಪಾನೀಯದ ಶೀಶೆಯನ್ನು ತಂದುಕೊಟ್ಟವನು ಅನಂತರ ಲಾಟರಿ ಚೀಟಿಗಳನ್ನು ಕೊಳ್ಳುವಂತೆ ಕೇಳಿಕೊಂಡಾಗ, ಏನನ್ನೂ ಪಡೆಯದವರಿಗಿಂತ ಪಾನೀಯ ಪಡೆದವರು ಸುಮಾರು ಇಮ್ಮಡಿ ಚೀಟಿಗಳನ್ನು ಕೊಂಡರು.

ಎರಡನೆಯದು ಮಾತಿಗೆ ತಪ್ಪದ ಗುಣ. ಬೆರಳು ಕೊಟ್ಟರೆ ಹಸ್ತ ನುಂಗುವವರ ಬಗ್ಗೆ ನಮ್ಮ ಹಿರಿಯರು ಎಚ್ಚರಿಸಿಯೇ ಇದ್ದಾರೆ. ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ವಿದ್ವಾಂಸರು 1966ರಲ್ಲಿ ಇದನ್ನೇ ಪರೀಕ್ಷಿಸಿದರು. ಕ್ಯಾಲಿಫೋರ್ನಿಯದ ಮನೆಗಳ ಮುಂದೆ ವಾಹನಗಳನ್ನು ಎಚ್ಚರದಿಂದ ನಡೆಸಿರೆಂಬ ದೊಡ್ಡ, ಅಂದಗೆಟ್ಟ ಫಲಕವೊಂದನ್ನು ನೆಡಲು ಅನುಮತಿ ಬೇಡಿದಾಗ ಒಪ್ಪಿದವರು ನೂರಕ್ಕೆ 17 ಮಂದಿ ಮಾತ್ರ. ಆದರೆ ಎರಡು ವಾರಗಳ ಹಿಂದೆ ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಅಂಟಿಸಲು ಕೇಳಿಕೊಳ್ಳಲಾಗಿದ್ದ ಮನೆಗಳಲ್ಲಿ ನೂರಕ್ಕೆ 76 ಮಂದಿ ಒಪ್ಪಿದರು. ಗೆಳೆಯರ ಒತ್ತಾಯಕ್ಕೆ ಒಮ್ಮೆ ಮಾತ್ರ ಎಂದು ಸಿಗರೇಟು ಹಿಡಿಯುವ ಬಾಲಕನೂ, ಹತ್ತು ರೂಪಾಯಿಯಿಂದ ಪಣವಿಡಲು ತೊಡಗುವ ತರುಣನೂ ಇಳಿಯುವುದು ಇದೇ ಮೆಟ್ಟಿಲುಗಳನ್ನು.

ಮೂರನೆಯದು ಬಹುಜನರ ಪ್ರಭಾವ. ಮೇಕೆಯನ್ನು ಹೊತ್ತು ನಡೆಯುತ್ತಿದ್ದ ಬ್ರಾಹ್ಮಣನಿಗೆ ಧೂರ್ತರು ಒಬ್ಬರಾದ ಮೇಲೊಬ್ಬರು ಎದುರಾಗಿ ಅದು ನಾಯಿಯೆಂದು ಹೇಳಿ ನಂಬಿಸಿದ ಪಂಚತಂತ್ರದ ಕಥೆಯನ್ನು ಅರಿಯದವರಾರು? ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞನು 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಈ ಕಥೆಯ ಸತ್ಯವನ್ನು ಸ್ಥಾಪಿಸಿದವು. ಗೆರೆಗಳ ಉದ್ದವನ್ನು ಹೋಲಿಸುವ ಅತಿ ಸುಲಭದ ಪರೀಕ್ಷೆಯಲ್ಲಿ, ಮೊದಲೇ ಗೊತ್ತುಮಾಡಿದ್ದ ಜನರೆಲ್ಲ ಒಂದೇ ತಪ್ಪು ಉತ್ತರವನ್ನು ಹೇಳುತ್ತಿದ್ದರು. ಅವರ ನಡುವೆ ಕುಳಿತವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ, ತಮ್ಮ ಕಣ್ಣೇ ಬೇರೆ ಹೇಳುತ್ತಿದ್ದರೂ, ಒಮ್ಮೆಯಾದರೂ ಆ ತಪ್ಪು ಉತ್ತರಕ್ಕೆ ದನಿಗೂಡಿಸಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಹೇಳಿದಾಗ ಈ ಒತ್ತಡವು ಬಹುವಾಗಿ ತಗ್ಗಿತು. ತರಗತಿಯಲ್ಲಿ ಎದ್ದುನಿಂತು ಸತ್ಯವನ್ನಾಡುವ ಒಬ್ಬ ವಿದ್ಯಾರ್ಥಿಯು ಎಷ್ಟು ಮಂದಿಯನ್ನು ಕಾಪಾಡಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಾಲ್ಕನೆಯದು ಅಧಿಕಾರದ ಮುಂದೆ ತಲೆಬಾಗುವ ಸ್ವಭಾವ. ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿದ್ದವನಿಗೆ ವಿದ್ಯುದಾಘಾತ ಕೊಡುವಂತೆ 40 ಮಂದಿಗೆ ಆಜ್ಞಾಪಿಸಲಾಯಿತು. ಆಘಾತವು ಬರಿಯ ನಟನೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಆದರೂ 26 ಮಂದಿ ಕೊನೆಯ ಗುಂಡಿಯವರೆಗೂ ಒತ್ತಿದರು. ಇಂದು ಪೊಲೀಸ್ ಸಮವಸ್ತ್ರ ತೊಟ್ಟು ದೂರವಾಣಿಯ ತೆರೆಯ ಮೇಲೆ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸಿ ಹಣ ದೋಚುವವರ ಬಂಡವಾಳವೂ ಇದೇ. ಇಂತಹ ಬಂಧನವು ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೆಂಬುದನ್ನೂ, ಇಂಥ ವಂಚನೆಯ ದೂರಿಗೆ 1930 ಎಂಬ ಸಂಖ್ಯೆಯಿದೆಯೆಂಬುದನ್ನೂ ಪ್ರತಿಯೊಬ್ಬ ಬಾಲಕ ಬಾಲಕಿಯೂ ಅರಿತು ಮನೆಯ ಹಿರಿಯರಿಗೆ ತಿಳಿಸತಕ್ಕದ್ದು.

ಇವೆಲ್ಲಕ್ಕೂ ಬೆಂಬಲವಾಗಿ ನಿಲ್ಲುವುದು ಅವಸರ. ಇಂದೇ ಕಡೆಯ ದಿನ, ಉಳಿದಿರುವುದು ಎರಡೇ ಎಂಬ ಮಾತು ಕಿವಿಗೆ ಬಿದ್ದೊಡನೆ ವಿಚಾರವು ಹಿಂದೆ ಸರಿದು ಆತಂಕವು ಮುಂದೆ ಬರುತ್ತದೆ. ಭಾರತ ಸರ್ಕಾರವು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಅಂತರ್ಜಾಲದ ವ್ಯಾಪಾರದಲ್ಲಿ ನಿಷಿದ್ಧವಾದ 13 ಬಗೆಯ ಕಪಟಗಳನ್ನು ಹೆಸರಿಸಿವೆ. ಇಂತಹ ಹುಸಿ ಅವಸರವೂ ಅವುಗಳಲ್ಲೊಂದು.

ಹಾಗಾದರೆ ಮಕ್ಕಳಿಗೆ ಕೃತಜ್ಞತೆಯನ್ನೂ ವಿಧೇಯತೆಯನ್ನೂ ಕಲಿಸುವುದು ತಪ್ಪೇ? ಎಲ್ಲರನ್ನೂ ಸಂಶಯದಿಂದ ಕಾಣುವ ಮಗುವು ವಂಚನೆಗೆ ಒಳಗಾಗದಿರಬಹುದು, ಆದರೆ ಸ್ನೇಹಕ್ಕೂ ಎರವಾಗುತ್ತದೆ. ಬೇಕಾದುದು ಗುಣತ್ಯಾಗವಲ್ಲ, ಗುಣದೊಡನೆ ವಿವೇಕ. ಕೊಟ್ಟವನು ಪ್ರೀತಿಯಿಂದ ಕೊಟ್ಟನೋ, ಗಾಳಕ್ಕೆ ಎರೆಯಾಗಿ ಕೊಟ್ಟನೋ? ಎಲ್ಲರೂ ಒಪ್ಪಿದರೆಂಬುದನ್ನು ಬಿಟ್ಟು ಬೇರೆ ಆಧಾರವಿದೆಯೋ? ಒಂದು ರಾತ್ರಿ ಕಳೆದು ನಾಳೆ ಉತ್ತರ ಕೊಡುತ್ತೇನೆಂದರೆ ಎದುರಿನವನು ಸಹಿಸುವನೋ? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಲ್ಲ ವಿದ್ಯಾರ್ಥಿಯು ಸುಲಭವಾಗಿ ಮೋಸಹೋಗಲಾರನು. ಸತ್ಯವಾದ ಮಾತಿಗೆ ನಾಳೆಯ ಭಯವಿಲ್ಲ.

ಶರಣರ ಪರಂಪರೆಯಲ್ಲಿ ಬೆಳೆದ ಶಾಲೆಗಳಿಗೆ ಈ ವಿವೇಕವು ಹೊರಗಿನಿಂದ ತರಬೇಕಾದ ಸರಕಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ನಾಡು ಸ್ಮರಿಸುವುದೇ ಅಲ್ಲಿ ಹಿರಿಕಿರಿಯರೆನ್ನದೆ ಪ್ರಶ್ನಿಸುವ ಅವಕಾಶವಿತ್ತೆಂಬ ಕಾರಣಕ್ಕೆ. ದಾಸೋಹದ ತತ್ತ್ವವೂ ಕೊಟ್ಟು ಋಣ ಹೊರಿಸುವುದಕ್ಕೆ ತೀರ ವಿರುದ್ಧವಾದುದು. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡ ವಿದ್ಯಾರ್ಥಿಯಿಂದ ಅನ್ನದ ಲೆಕ್ಕವನ್ನು ಕೇಳುವವರಿಲ್ಲ. ಮುಂದೆ ಅವನು ತಾನಾಗಿ ನೀಡುವುದು ಬೇರೆ ಮಾತು. ಲೆಕ್ಕವಿಡದ ಇಂಥ ಕೊಡುಗೆಯನ್ನು ಕಂಡುಂಡ ಮಗುವಿಗೆ ಎರೆಯ ಕೊಡುಗೆಯ ರುಚಿಭೇದವು ತಿಳಿಯದಿರದು.

ಇನ್ನು ಗುರುಗಳ ಹೊಣೆ ಉಳಿಯಿತು. ‘ಏಕೆ?’ ಎಂದು ಕೇಳಿದ ವಿದ್ಯಾರ್ಥಿಯನ್ನು ಗದರಿಸಿ ಕುಳ್ಳಿರಿಸಿದರೆ, ನಾಳೆ ಹುಸಿ ಅಧಿಕಾರಿಯು ಗದರಿಸಿದಾಗಲೂ ಅವನು ಹಾಗೆಯೇ ಕುಳಿತುಬಿಡುತ್ತಾನೆ. ವಿನಯದಿಂದ ಪ್ರಶ್ನಿಸುವುದನ್ನು, ಮರ್ಯಾದೆಯಿಂದ ‘ಒಲ್ಲೆ’ ಎನ್ನುವುದನ್ನು ಕಲಿಸುವುದು ಪಠ್ಯಪುಸ್ತಕದ ಹೊರಗಿನ ಪಾಠವಾದರೂ, ಜೀವನದ ಪರೀಕ್ಷೆಯಲ್ಲಿ ಮೊದಲು ಬರುವ ಪ್ರಶ್ನೆಯು ಅದೇ ಆಗಿರುತ್ತದೆ.