ಗ್ಯಾಲರಿಯಲ್ಲಿ ಕುಳಿತವರ ಅಭಿಪ್ರಾಯ

1962ರ ವಸಂತದಲ್ಲಿ ‘ನ್ಯೂಯಾರ್ಕರ್’ ವಾರಪತ್ರಿಕೆ ಸುಮಾರು ಐದು ವಾರಗಳ ಅಂತರದಲ್ಲಿ ಎರಡು ಬರಹಗಳನ್ನು ಪ್ರಕಟಿಸಿತು. ಮಾರ್ಚ್ ತಿಂಗಳ ಆರಂಭದಲ್ಲಿ ಬಂದದ್ದು ಎ. ಜೆ. ಲೀಬ್ಲಿಂಗ್ ಅವರದು, ಕೇಷಿಯಸ್ ಕ್ಲೇ ಎಂಬ ಇಪ್ಪತ್ತು ವರ್ಷದ ಬಾಕ್ಸರನನ್ನು ಕುರಿತದ್ದು. ಏಪ್ರಿಲ್ ಮೊದಲ ವಾರದಲ್ಲಿ ಬಂದದ್ದು ರೋಜರ್ ಏಂಜೆಲ್ ಅವರದು. ಫ್ಲಾರಿಡಾದ ಬಿಸಿಲಿನಲ್ಲಿ ಬೇಸ್‌ಬಾಲ್ ತಂಡಗಳು ನಡೆಸುವ ಋತುಪೂರ್ವ ಅಭ್ಯಾಸವನ್ನು ಕುರಿತದ್ದು. ಇಬ್ಬರೂ ನಿತ್ಯದ ಕ್ರೀಡಾ ಅಂಕಣಕಾರರಲ್ಲ. ಲೀಬ್ಲಿಂಗ್ ಎರಡನೆಯ ಮಹಾಯುದ್ಧದ ವರದಿಗಾರರಾಗಿ, ಪತ್ರಿಕಾರಂಗದ ವಿಮರ್ಶಕರಾಗಿ, ಭೋಜನಪ್ರಿಯರಾಗಿ ಹೆಸರು ಮಾಡಿದ್ದವರು. ಏಂಜೆಲ್ ಅದೇ ಪತ್ರಿಕೆಯಲ್ಲಿ ಕಥೆಗಳನ್ನು ಆಯ್ದು ತಿದ್ದುವ ಸಂಪಾದಕರು. ಆಟದ ವಿಷಯದಲ್ಲಿ ಇಬ್ಬರೂ ಟಿಕೆಟ್ ಕೊಂಡವರ ಮನಸ್ಸಿನಿಂದಲೇ ಬರೆದರು. ಈ ಎರಡು ಸಂಚಿಕೆಗಳ ನಡುವಣ ದಿನಗಳಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಬೆನ್ನಿ ಪರೆಟ್ ಎಂಬ ಕ್ಯೂಬಾದ ಬಾಕ್ಸರ್ ಪ್ರಜ್ಞೆಯಿಲ್ಲದೆ ಮಲಗಿದ್ದರು. ಆ ಎರಡು ಬರಹಗಳನ್ನು ಇಂದು ಓದುವವರಿಗೆ ಆ ಹಾಸಿಗೆಯನ್ನು ಮರೆಯುವುದು ಕಷ್ಟ.

ಆಟದ ಅಭಿಮಾನಿಯ ಹಗುರವಾದ ಅಭಿಪ್ರಾಯವನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಲಿತ ಪ್ರಬಂಧದ ಪರಂಪರೆಯುಳ್ಳ ಕನ್ನಡದಲ್ಲಿ ಹೀಗಾಗಬೇಕಿರಲಿಲ್ಲ. ಪ್ರಮಾಣವನ್ನು ಮುಂದಿಡದೆ, ಸಿದ್ಧಾಂತವನ್ನು ಕಟ್ಟದೆ, ಕಂಡದ್ದನ್ನೂ ಅನ್ನಿಸಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳುವ ಬರವಣಿಗೆಗೆ ಇಲ್ಲಿ ಸ್ಥಾನವಿದ್ದೇ ಇದೆ. ಬೇಸ್‌ಬಾಲ್ ಅಂತಹ ಮಾತಿಗೆ ಹೇಳಿ ಮಾಡಿಸಿದ ಆಟ. ಕ್ರಿಕೆಟ್ಟಿನಲ್ಲಿರುವಂತೆ ಒಂದು ಎಸೆತಕ್ಕೂ ಮತ್ತೊಂದಕ್ಕೂ ನಡುವೆ ಬಿಡುವಿರುತ್ತದೆ, ಆ ಬಿಡುವಿನಲ್ಲಿ ಪಕ್ಕದವನೊಡನೆ ವಾದ ಹುಟ್ಟುತ್ತದೆ. ಬಾಕ್ಸಿಂಗ್ ಕೊಡುವುದು ಮೂರು ನಿಮಿಷದ ಒಂದೊಂದು ಸುತ್ತಿನ ಬಳಿಕ ಒಂದು ನಿಮಿಷವನ್ನಷ್ಟೆ. ಬೇಸ್‌ಬಾಲಿನ ಅಭಿಮಾನಿ ಹರಟುತ್ತಾನೆ, ಬಾಕ್ಸಿಂಗಿನ ಅಭಿಮಾನಿ ಕೂಗುತ್ತಾನೆ.

ಲೀಬ್ಲಿಂಗ್ ಕೂಗುವ ಹಕ್ಕನ್ನು ಬಹಳ ಗಂಭೀರವಾಗಿ ಸಮರ್ಥಿಸಿದವರು. 1951ರಲ್ಲಿ ಜೋ ಲೂಯಿ ಮತ್ತು ಲೀ ಸವೋಲ್ಡರ ಕಾಳಗವನ್ನು ನೋಡಲು ಹೋದದ್ದನ್ನು ಬರೆಯುವಾಗ, ಟೆಲಿವಿಷನ್ನಿನಲ್ಲಿ ಕಾಳಗ ನೋಡುವುದರ ದೊಡ್ಡ ಕೊರತೆ ಏನೆಂದು ಅವರು ವಿವರಿಸುತ್ತಾರೆ: ಕಣದಲ್ಲಿರುವವನಿಗೆ ಅಲ್ಲಿಂದ ಬುದ್ಧಿ ಹೇಳಲಾಗುವುದಿಲ್ಲ. ಇದು ನಗೆಮಾತು. ಆದರೆ ಅದರ ಬೆನ್ನಿಗೆ ಒಂದು ದೂರೂ ಇದೆ. 1956ರಲ್ಲಿ ಬಂದ ‘ದಿ ಸ್ವೀಟ್ ಸೈನ್ಸ್’ ಪುಸ್ತಕದ ಮುನ್ನುಡಿಯಲ್ಲಿ ಅವರು ಅದನ್ನು ಬಿಡಿಸಿ ಹೇಳಿದರು. ಬಿಯರನ್ನೂ ಕ್ಷೌರದ ಬ್ಲೇಡನ್ನೂ ಮಾರುವ ಸಲುವಾಗಿ ಟೆಲಿವಿಷನ್ ವಾರವಾರವೂ ಪುಕ್ಕಟೆ ಕಾಳಗವನ್ನು ಮನೆಗೆ ತಲುಪಿಸಿತು. ಸಣ್ಣ ಊರುಗಳ, ಕೇರಿಗಳ ಬಾಕ್ಸಿಂಗ್ ಕ್ಲಬ್ಬುಗಳು ಜನರಿಲ್ಲದೆ ಮುಚ್ಚಿದವು. ಹೊಸಬನು ಸರಿಸಮಾನರ ಎದುರು ನಿಂತು ಕಸುಬನ್ನು ಕಲಿಯುತ್ತಿದ್ದುದು ಆ ಕ್ಲಬ್ಬುಗಳಲ್ಲಿ. ಅವು ಹೋದ ಮೇಲೆ ಅರೆಕಲಿತ ಹುಡುಗರನ್ನು ನೇರವಾಗಿ ಕ್ಯಾಮೆರಾದ ಮುಂದೆ ತಂದು ನಿಲ್ಲಿಸುವಂತಾಯಿತು. ಅಭಿಮಾನಿಯೊಬ್ಬನ ಗೊಣಗಾಟದಂತೆ ಆರಂಭವಾದ ಮಾತು ಇಲ್ಲಿ ಒಂದು ಕಸುಬಿನ ಆರ್ಥಿಕ ಚರಿತ್ರೆಯಾಗಿ ಮಾರ್ಪಡುತ್ತದೆ. ಸ್ವರ ಮಾತ್ರ ಬದಲಾಗುವುದಿಲ್ಲ.

ಅದೇ ಮುನ್ನುಡಿಯ ಇನ್ನೊಂದು ಭಾಗವನ್ನು ಗುರುಪರಂಪರೆಯ ವಿಡಂಬನೆಯೆಂದೇ ಓದಬಹುದು. ಲೀಬ್ಲಿಂಗ್ ತಮ್ಮ ಮೂಗಿಗೆ ಫಿಲಡೆಲ್ಫಿಯಾ ಜ್ಯಾಕ್ ಓಬ್ರಯನ್ ಕೊಟ್ಟ ಗುದ್ದನ್ನು ನೆನೆಯುತ್ತಾರೆ. ಓಬ್ರಯನ್ನನಿಗೆ ಬಾಬ್ ಫಿಟ್ಸಿಮನ್ಸ್ ಗುದ್ದಿದ್ದ, ಫಿಟ್ಸಿಮನ್ಸನಿಗೆ ಕಾರ್ಬೆಟ್, ಕಾರ್ಬೆಟ್ಟನಿಗೆ ಜಾನ್ ಎಲ್. ಸಲಿವನ್. ಹೀಗೆ ಗುದ್ದಿನಿಂದ ಗುದ್ದಿಗೆ ಇಳಿದು ಬಂದ ದೀಕ್ಷೆಯನ್ನು ಅವರು ಹತ್ತೊಂಬತ್ತನೆಯ ಶತಮಾನದೊಳಗೆ ದೂರದವರೆಗೆ ಎಳೆದುಕೊಂಡು ಹೋಗುತ್ತಾರೆ. ‘ಬಾಕ್ಸಿಯಾನಾ’ದ ಕರ್ತೃ ಪಿಯರ್ಸ್ ಈಗನ್ ಅವರಿಗೆ ಆಕರಗ್ರಂಥಕಾರ, ಪುಸ್ತಕದ ಹೆಸರೂ ಈಗನ್ನನ ನುಡಿಗಟ್ಟಿನಿಂದ ಬಂದದ್ದು. 1955ರಲ್ಲಿ ಆರ್ಚಿ ಮೂರ್ ಒಂಬತ್ತನೆಯ ಸುತ್ತಿನಲ್ಲಿ ರಾಕಿ ಮಾರ್ಸಿಯಾನೊಗೆ ಸೋತಾಗ ಲೀಬ್ಲಿಂಗ್ ಮೂರ್ ಅವರನ್ನು ಮೆಲ್ವಿಲ್ಲನ ಏಹಬ್‌ಗೆ ಹೋಲಿಸಿದರು. ವಿದ್ವತ್ತನ್ನು ಹೀಗೆ ಕಣದ ಮೊದಲ ಸಾಲಿಗೆ ಕರೆತಂದ ಬರಹ ಬೇರೆ ಭಾಷೆಗಳಲ್ಲಿಯೂ ಅಪರೂಪ. ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆ 2002ರಲ್ಲಿ ಕ್ರೀಡಾಗ್ರಂಥಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನವನ್ನು ಈ ಪುಸ್ತಕಕ್ಕೆ ಕೊಟ್ಟಿತು. ಪಟ್ಟಿಗಳ ಮೇಲೆ ಹೆಚ್ಚು ಭರವಸೆಯಿಡಬೇಕಾಗಿಲ್ಲವಾದರೂ ಈ ಸಲ ಅದು ತಪ್ಪಲಿಲ್ಲ.

ಅಭಿಪ್ರಾಯಗಳು ಎಲ್ಲವೂ ನಿಜವಾದವೇ ಎಂದರೆ ಇಲ್ಲ. ರೋಮ್ ಒಲಿಂಪಿಕ್ಸ್‌ನಲ್ಲಿ ಕ್ಲೇಯನ್ನು ಕಂಡ ಲೀಬ್ಲಿಂಗ್ ಅವರಿಗೆ ಆ ಶೈಲಿ ಅಂದವಾಗಿ ತೋರಿತ್ತು, ತೂಕವುಳ್ಳದ್ದಾಗಿ ತೋರಿರಲಿಲ್ಲ. 1962ರ ಬರಹದಲ್ಲಿ ಕ್ಲೇ ಕಸರತ್ತು ಮಾಡುತ್ತಲೇ ತನ್ನ ಪದ್ಯವನ್ನು ಹೇಳುತ್ತಾನೆ. ಫೆಬ್ರವರಿಯಲ್ಲಿ ಸನ್ನಿ ಬ್ಯಾಂಕ್ಸನ ಏಟಿಗೆ ಮೊದಲ ಸುತ್ತಿನಲ್ಲಿ ನೆಲಕ್ಕೆ ಬಿದ್ದು, ಎದ್ದು, ನಾಲ್ಕನೆಯ ಸುತ್ತಿನಲ್ಲಿ ಗೆಲ್ಲುತ್ತಾನೆ. ಲೀಬ್ಲಿಂಗ್ ಆತನನ್ನು ಮೆಚ್ಚುತ್ತಲೇ ಕಾದು ನೋಡುತ್ತಾರೆ. ಎರಡು ವರ್ಷಗಳ ಬಳಿಕ ಅದೇ ಹುಡುಗ ಸನ್ನಿ ಲಿಸ್ಟನ್ನನನ್ನು ಸೋಲಿಸಿ ಜಗಜ್ಜೇತನಾದಾಗ, ತಿದ್ದಿಕೊಳ್ಳಲು ಲೀಬ್ಲಿಂಗ್ ಇರಲಿಲ್ಲ. 1963ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಇಂತಹ ತಪ್ಪು ಅಭಿಮಾನಿಯ ಹಕ್ಕಿಗೆ ಸೇರಿದ್ದು. ಅದರಿಂದ ಯಾರಿಗೂ ನೋವಿಲ್ಲ.

ಚುಚ್ಚುವ ಮಾತು ಬೇರೆಯದೇ ಇದೆ. ಬಾಕ್ಸಿಂಗ್ ಮೆದುಳನ್ನು ಕೆಡಿಸುತ್ತದೆ, ಅದನ್ನು ನಿಷೇಧಿಸಬೇಕು ಎನ್ನುವವರಿಗೆ ಲೀಬ್ಲಿಂಗ್ ಕೊಟ್ಟ ಉತ್ತರ ಒಂದು ಮರುಪ್ರಶ್ನೆ: ಮಹಾನರ್ತಕ ನಿಜಿನ್‌ಸ್ಕಿಗೆ ಬುದ್ಧಿ ಕೆಟ್ಟಿತಲ್ಲ, ಆತನಿಗೆ ಗುದ್ದಿದವರಾರು? ಓದಿದವರು ನಗದೆ ಇರುವುದಿಲ್ಲ. ಉನ್ನತವೆನಿಸಿದ ಬ್ಯಾಲೆಗೂ ಕೀಳೆನಿಸಿದ ಕಾಳಗಕ್ಕೂ ಬೇರೆ ಬೇರೆ ತಕ್ಕಡಿಗಳನ್ನು ಬಳಸುವ ಕಪಟವನ್ನು ಈ ಪ್ರಶ್ನೆ ಒಂದೇ ಏಟಿಗೆ ಬಯಲು ಮಾಡುತ್ತದೆ. ಆದರೆ ಅದು ಮೂಲ ಪ್ರಶ್ನೆಗೆ ಉತ್ತರವಲ್ಲ. ವಾದದಲ್ಲಿ ಗೆದ್ದ ಮಾತು ವಿಷಯದಿಂದ ಪಕ್ಕಕ್ಕೆ ಸರಿದಿದೆ. ಬರಹದ ಸೊಗಸಿಗೆ ಮನಸೋತು ಈ ಸರಿದಾಟವನ್ನು ಗಮನಿಸದೆ ಮುಂದೆ ಹೋಗುವುದು ಓದುಗರಿಗೂ ಸುಲಭ, ವಿಮರ್ಶಕರಿಗೂ ಸುಲಭ.

1962ರ ಮಾರ್ಚ್ 24, ಶನಿವಾರ ರಾತ್ರಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪರೆಟ್ ತಮ್ಮ ವೆಲ್ಟರ್‌ವೇಟ್ ಪಟ್ಟವನ್ನು ಉಳಿಸಿಕೊಳ್ಳಲು ಎಮಿಲ್ ಗ್ರಿಫಿತ್ ಅವರ ಎದುರು ಇಳಿದರು. ಇಬ್ಬರಿಗೂ ಅದು ಮೂರನೆಯ ಭೇಟಿ. ಹಿಂದಿನ ವರ್ಷ ಏಪ್ರಿಲಿನಲ್ಲಿ ಗ್ರಿಫಿತ್, ಸೆಪ್ಟೆಂಬರಿನಲ್ಲಿ ಪರೆಟ್ ಗೆದ್ದಿದ್ದರು. ನಡುವೆ ಡಿಸೆಂಬರಿನಲ್ಲಿ ಪರೆಟ್ ತಮಗಿಂತ ಭಾರದ ವರ್ಗದ ಜೀನ್ ಫುಲ್ಮರ್ ಅವರಿಂದ ತೀವ್ರವಾಗಿ ಪೆಟ್ಟು ತಿಂದು ಹತ್ತನೆಯ ಸುತ್ತಿನಲ್ಲಿ ಸೋತಿದ್ದರು. ಚೇತರಿಸಿಕೊಳ್ಳಲು ಸಿಕ್ಕ ಕಾಲ ನಾಲ್ಕು ತಿಂಗಳೂ ಇಲ್ಲ. ತೂಕ ನೋಡುವ ಹೊತ್ತಿನಲ್ಲಿ ಪರೆಟ್ ಎದುರಾಳಿಯ ಗಂಡಸುತನವನ್ನು ಅಣಕಿಸುವ ಒಂದು ಸ್ಪ್ಯಾನಿಷ್ ಬೈಗುಳವನ್ನಾಡಿದರು. ಗ್ರಿಫಿತ್ ಹುಡುಗನಾಗಿದ್ದಾಗ ಟೋಪಿ ಕಾರ್ಖಾನೆಯಲ್ಲಿ ದುಡಿದವರು; ಹೆಂಗಸರ ಟೋಪಿಗಳನ್ನು ವಿನ್ಯಾಸ ಮಾಡುವ ಬಾಕ್ಸರ್ ಎಂಬುದು ಆ ಕಾಲದ ಪತ್ರಿಕೆಗಳಿಗೆ ಒಂದು ರಂಜನೆಯ ಸಂಗತಿಯಾಗಿತ್ತು. ಹಗುರವಾಗಿ ಆಡಿದ ಮಾತುಗಳು ಕಣದ ಹೊರಗೂ ಇದ್ದವು, ಒಳಗೂ ಹೋದವು. ಹನ್ನೆರಡನೆಯ ಸುತ್ತಿನಲ್ಲಿ ಮೂಲೆಗೆ ಸಿಕ್ಕಿದ ಪರೆಟ್ ಮೇಲೆ ಗ್ರಿಫಿತ್ ಒಂದರ ಹಿಂದೊಂದರಂತೆ ಏಟು ಹಾಕಿದರು. ರೆಫ್ರಿ ರೂಬಿ ಗೋಲ್ಡ್‌ಸ್ಟೀನ್ ನಡುವೆ ಬಂದದ್ದು ತಡವಾಗಿ. ಪರೆಟ್ ಹಗ್ಗಗಳ ಬದಿಯಲ್ಲಿ ಮೆಲ್ಲಗೆ ಜಾರಿ ಕುಸಿದರು. ದೇಶವೆಲ್ಲ ಇದನ್ನು ಮನೆಯಲ್ಲಿ ಕುಳಿತು ಎಬಿಸಿ ವಾಹಿನಿಯಲ್ಲಿ ನೋಡಿತು. ಏಪ್ರಿಲ್ 3ರಂದು ಅವರು ತೀರಿಕೊಂಡರು, ವಯಸ್ಸು 25.

ಇದಕ್ಕೆ ಟೆಲಿವಿಷನ್ನೇ ಹೊಣೆ ಎಂದು ಹೇಳಿಬಿಟ್ಟರೆ ಲೀಬ್ಲಿಂಗ್ ಅವರ ದೂರು ಸಮರ್ಥವಾದಂತೆ ಕಾಣುತ್ತದೆ. ಕ್ಯಾಮೆರಾದ ಹಸಿವಿಗೆ ಬಾಕ್ಸರುಗಳನ್ನು ಬೇಗಬೇಗ ಕಣಕ್ಕಿಳಿಸಲಾಯಿತೆಂಬುದರಲ್ಲಿ ಹುರುಳಿದೆ. ಆದರೆ ಆ ರಾತ್ರಿ ಗಾರ್ಡನ್ನಿನಲ್ಲಿಯೂ ಸಾವಿರಾರು ಜನರಿದ್ದರು, ಬುದ್ಧಿ ಹೇಳುವ ಅಂತರದಲ್ಲಿಯೇ ಇದ್ದರು. ಸಮೀಪದಲ್ಲಿ ಕುಳಿತಿದ್ದವರಲ್ಲಿ ನಾರ್ಮನ್ ಮೇಲರ್ ಒಬ್ಬರು. ಮರುವರ್ಷ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಅವರ ದೀರ್ಘ ಬರಹವೊಂದು ಬಂದಿತು. ಅದರ ಮುಖ್ಯ ವಸ್ತು ಪ್ಯಾಟರ್ಸನ್–ಲಿಸ್ಟನ್ ಕಾಳಗ. ಪರೆಟ್ ಸಾವು ಅದರೊಳಗಿನ ಕೆಲವು ಪುಟಗಳು. ಆ ಸಾವು ನೋಡುತ್ತಿದ್ದವರೊಳಗೂ ಹೊಕ್ಕಿತು ಎಂದು ಮೇಲರ್ ಅಲ್ಲಿ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡದ್ದು ದೊಡ್ಡದೇ. ಆದರೂ ಅವರ ಗದ್ಯದ ಭಾರಕ್ಕೆ ಪರೆಟ್ ಬಹುಬೇಗ ಸಂಕೇತವಾಗಿಬಿಡುತ್ತಾರೆ. ಆಗಿಂದಾಗ್ಗೆ ಪೆಟ್ಟು ತಿಂದು ದಣಿದಿದ್ದ ಒಬ್ಬ ಕೂಲಿಕಾರ ಎಂಬುದು ಹಿಂದೆ ಸರಿಯುತ್ತದೆ. ಆ ದಣಿವನ್ನು ಗುರುತಿಸಬಲ್ಲ ಕಣ್ಣು ಇದ್ದದ್ದು ಲೀಬ್ಲಿಂಗ್ ಅವರಿಗೆ; ಯಾವ ಬಾಕ್ಸರ್ ಯಾರಿಂದ ಎಂದು ಎಷ್ಟು ಏಟು ತಿಂದಿದ್ದಾನೆಂಬ ಲೆಕ್ಕ ಅವರ ಹರಟೆಯ ಅಡಿಪಾಯವಾಗಿತ್ತು. ಆ ಲೆಕ್ಕದ ಪುಸ್ತಕ ಕೈಯಲ್ಲಿದ್ದೂ ನಿಜಿನ್‌ಸ್ಕಿಯ ಹೆಸರೆತ್ತಿದ್ದೇ ಅವರ ಬರಹದ ಬಿರುಕು.

ಏಂಜೆಲ್ ಅವರ ಬೇಸ್‌ಬಾಲಿನಲ್ಲಿ ಇಷ್ಟು ಕಠೋರವಾದ ಪರೀಕ್ಷೆಯಿಲ್ಲ, ಅದು ಅವರ ಅದೃಷ್ಟ. ಆಟಗಾರರನ್ನು ಮಾತನಾಡಿಸಲು ಸಂಕೋಚಪಟ್ಟು ಅವರು ಮೊದಲ ಬಾರಿ ಪ್ರೇಕ್ಷಕರ ನಡುವೆ ಕುಳಿತರಂತೆ. ಫ್ಲಾರಿಡಾದ ಆ ಬರಹದಲ್ಲಿ ನಿವೃತ್ತ ಮುದುಕರೇ ಮುಖ್ಯ ಪಾತ್ರಗಳು. ಬಳಿಕ ಬೇಸಿಗೆಯಲ್ಲಿ ಅವರು ಮೆಟ್ಸ್ ತಂಡವನ್ನು ನೋಡಲು ಹೋದರು. 1957ರ ಋತು ಮುಗಿದೊಡನೆ ಡಾಡ್ಜರ್ಸ್ ಮತ್ತು ಜಯಂಟ್ಸ್ ಎರಡೂ ನ್ಯೂಯಾರ್ಕನ್ನು ತೊರೆದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದವು. ಅನಾಥರಾದ ಅಭಿಮಾನಿಗಳಿಗೆ ಸಿಕ್ಕ ಹೊಸ ತಂಡ ಮೆಟ್ಸ್. ಮೊದಲ ಒಂಬತ್ತು ಪಂದ್ಯಗಳನ್ನು ಅದು ಸೋತಿತು, ವರ್ಷದಲ್ಲಿ ಒಟ್ಟು 120 ಸೋತಿತು. ಆದರೂ ಶಿಥಿಲವಾದ ಪೋಲೊ ಗ್ರೌಂಡ್ಸ್ ತುಂಬಿ ಜನ ಕೂಗಿದರು. ಗೆಲ್ಲುತ್ತಲೇ ಇರುವ ಯಾಂಕೀಸ್ ತಂಡಕ್ಕಿಂತ ಸೋಲುವವರಲ್ಲಿ ಮನುಷ್ಯರು ತಮ್ಮನ್ನೇ ಹೆಚ್ಚು ಕಾಣುತ್ತಾರೆಂದು ಏಂಜೆಲ್ ಅದನ್ನು ಅರ್ಥಮಾಡಿಕೊಂಡರು.

ರಂಜನೆಯ ಉದ್ಯಮದ ಬಗ್ಗೆ ಅವರ ಸಿಟ್ಟು ಕಾಣಿಸುವುದು 1966ರಲ್ಲಿ, ಹ್ಯೂಸ್ಟನ್ನಿನ ಆಸ್ಟ್ರೋಡೋಮನ್ನು ಕುರಿತು ಬರೆದಾಗ. ಹಿಂದಿನ ವರ್ಷ ತೆರೆದ ಆ ಸೂರು ಹಾಕಿದ ಕ್ರೀಡಾಂಗಣದಲ್ಲಿ ಮೆತ್ತನೆಯ ಆಸನಗಳು, ಹವಾನಿಯಂತ್ರಣ, ಬೆಳಕಿನ ಚಿತ್ರಗಳನ್ನು ಕುಣಿಸುವ ದೈತ್ಯ ಸ್ಕೋರ್‌ಬೋರ್ಡ್. ಯಾವಾಗ ಚಪ್ಪಾಳೆ ತಟ್ಟಬೇಕೆಂಬುದನ್ನೂ ಅದೇ ಹೇಳುತ್ತಿತ್ತು. ಎರಡು ಎಸೆತಗಳ ನಡುವಣ ಬಿಡುವು ಪ್ರೇಕ್ಷಕನಿಗೆ ಸೇರಿದ್ದು, ಅಲ್ಲಿಯೇ ಅವನ ನೆನಪು, ಊಹೆ, ವಾದಗಳು ಕೆಲಸ ಮಾಡುವುದು. ಅದನ್ನೂ ತುಂಬಿಬಿಟ್ಟರೆ ಅವನಿಗೆ ಅಭಿಪ್ರಾಯವೇ ಹುಟ್ಟುವುದಿಲ್ಲ. ಲೀಬ್ಲಿಂಗ್ ಟೆಲಿವಿಷನ್ನಿನಲ್ಲಿ ಕಂಡ ಕೇಡನ್ನೇ ಏಂಜೆಲ್ ಕ್ರೀಡಾಂಗಣದ ಒಳಗೆ ಕಂಡರು. 1971ರಲ್ಲಿ ಬರೆದ ‘ದಿ ಇಂಟೀರಿಯರ್ ಸ್ಟೇಡಿಯಮ್’ ಪ್ರಬಂಧದಲ್ಲಿ ಅವರು ಆಟವನ್ನು ಮನಸ್ಸಿನೊಳಗಿನ ಕ್ರೀಡಾಂಗಣಕ್ಕೇ ಒಯ್ದರು. ಅಲ್ಲಿ ಗಡಿಯಾರವಿಲ್ಲ, ಬೇಸ್‌ಬಾಲ್ ಕಾಲವನ್ನು ಅಳೆಯುವುದು ಔಟುಗಳಿಂದ ಮಾತ್ರ, ಆದ್ದರಿಂದ ಹೊಡೆಯುತ್ತಲೇ ಇದ್ದರೆ ಕಾಲವನ್ನೇ ಸೋಲಿಸಬಹುದು. ನಮ್ಮ ಲಾಕ್ಷಣಿಕರು ಸಹೃದಯನ ಬಗ್ಗೆ ಹೇಳಿದ್ದನ್ನು ಬಲ್ಲವರಿಗೆ ಈ ಪ್ರಬಂಧ ಪರಕೀಯವೆನಿಸದು.

1975ರ ವಿಶ್ವ ಸರಣಿಯ ಆರನೆಯ ಪಂದ್ಯವನ್ನು ಕಾರ್ಲ್ಟನ್ ಫಿಸ್ಕ್ ನಡುರಾತ್ರಿ ಕಳೆದ ಮೇಲೆ ಒಂದು ಹೊಡೆತದಿಂದ ಗೆಲ್ಲಿಸಿಕೊಟ್ಟರು. ಮರುದಿನ ಅವರ ಬಾಸ್ಟನ್ ತಂಡ ಸರಣಿಯನ್ನೇ ಸೋತಿತು. ಸಂಬಳಕ್ಕೆ ಆಡುವ ಯಾರೋ ಒಂದಿಷ್ಟು ಜನರಿಗಾಗಿ ಇಷ್ಟು ಮರುಗುವುದು ಮೂರ್ಖತನವೆಂದು ಏಂಜೆಲ್ ಆಗ ಒಪ್ಪಿಕೊಂಡರು. ಯಾವುದರ ಬಗ್ಗೆ ಎಂಬುದು ಅಷ್ಟು ಮುಖ್ಯವಲ್ಲ, ಮರುಗುವ ಶಕ್ತಿಯೇ ಬದುಕಿನಿಂದ ಜಾರಿಹೋಗುತ್ತಿದೆ ಎಂದು ಅಲ್ಲಿಯೇ ಸಮರ್ಥಿಸಿಕೊಂಡರು. ಬೇಸ್‌ಬಾಲಿಗೆ ಈ ಮಾತು ಸಲ್ಲುತ್ತದೆ. ಗಾರ್ಡನ್ನಿನ ಆ ಮೂಲೆಯ ಪಕ್ಕದಲ್ಲಿ ನಿಂತು ಇದನ್ನೇ ಹೇಳಲಾಗುವುದಿಲ್ಲ. ಅಲ್ಲಿ ಯಾವುದರ ಬಗ್ಗೆ ಎಂಬುದೇ ಮುಖ್ಯ.

ಎಬಿಸಿ ತನ್ನ ವಾರದ ಬಾಕ್ಸಿಂಗ್ ಪ್ರಸಾರವನ್ನು 1964ರಲ್ಲಿ ನಿಲ್ಲಿಸಿತು. ಏಂಜೆಲ್ ತೊಂಬತ್ತು ದಾಟಿದ ಮೇಲೆಯೂ ಬರೆದು, 2022ರ ಮೇ ತಿಂಗಳಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗ್ರಿಫಿತ್ 1977ರವರೆಗೆ ಕಣದಲ್ಲಿದ್ದರು. ಪರೆಟ್ ಸತ್ತ ಮೇಲೆ ಎದುರಾಳಿಯನ್ನು ಪೂರ್ಣ ಬಲದಿಂದ ಹೊಡೆಯಲು ಕೈ ಬರಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. 2005ರಲ್ಲಿ ತೆರೆಕಂಡ ‘ರಿಂಗ್ ಆಫ್ ಫೈರ್’ ಸಾಕ್ಷ್ಯಚಿತ್ರದ ಕೊನೆಯಲ್ಲಿ ಅವರು ಪರೆಟ್ ಅವರ ಮಗನನ್ನು ಭೇಟಿಯಾಗುತ್ತಾರೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಗ್ರಿಫಿತ್ ಅವರ ಕೊನೆಯ ವರ್ಷಗಳು ಮರೆವಿನಲ್ಲಿ ಕಳೆದವು. ವೈದ್ಯರು ಅದನ್ನು ಬಾಕ್ಸರುಗಳಿಗೆ ಬರುವ ಮರೆವಿನ ರೋಗವೆಂದೇ ಗುರುತಿಸಿದ್ದರು. 2013ರ ಜುಲೈಯಲ್ಲಿ ಅವರು ತೀರಿಕೊಂಡರು.