ಹಳೆಯ ಕಾರಿನಲ್ಲಿ ಹೊಸ ಧ್ವನಿ

ಪಿತ್ರಾರ್ಜಿತವಾಗಿ ಬಂದ ವಸ್ತುವನ್ನು ಬಳಸುವ ಹಕ್ಕು ಯಾರಿಗೆ ಎಂಬುದನ್ನು ಮನೆಗಳಲ್ಲಿ ಬೇಗನೆ ನಿರ್ಣಯಿಸುತ್ತಾರೆ. ಅದನ್ನು ಮಾರ್ಪಡಿಸುವ ಹಕ್ಕು ಯಾರಿಗೆ ಎಂದು ವಿಚಾರಿಸುವವರು ವಿರಳ. ಹೊಲದ ಬದು, ಬಾವಿಯ ಕಟ್ಟೆ, ತಾಯಿಯ ಒಡವೆಗಳ ವಿಷಯದಲ್ಲಿ ಏಳುವ ಈ ಪ್ರಶ್ನೆ ಹಳೆಯ ಕಾರೊಂದರ ರೇಡಿಯೊ ವಿಷಯದಲ್ಲಿಯೂ ಏಳಬಹುದೆಂದರೆ ಕೆಲವರಿಗೆ ವಿನೋದವೆನಿಸೀತು. ಗುಂಡ್ಲುಪೇಟೆಯ ಒಂದು ಶ್ರಾವಕ ಕುಟುಂಬದಲ್ಲಿ ಅದು ಇಬ್ಬರು ಸೋದರರ ಮಾತುಕತೆಯನ್ನೇ ಕೆಲಕಾಲ ನಿಲ್ಲಿಸಿತು.

ಕಾರು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಈ ವಾಹನದ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ತಂದೆಯವರು 1960ರ ದಶಕದಲ್ಲಿ ಕೊಂಡ ಆ ಕಾರು ಅವರ ಕಾಲಾನಂತರ ಇಬ್ಬರು ಮಕ್ಕಳಿಗೂ ಸೇರಿತು. ಹಿರಿಯರು ಗುಂಡ್ಲುಪೇಟೆಯಲ್ಲಿ, ಕಿರಿಯರು ಚಾಮರಾಜನಗರದಲ್ಲಿ. ಕಾರು ನಿಲ್ಲುವುದು ಹಿರಿಯರ ಅಂಗಳದಲ್ಲಿ. ವರ್ಷಕ್ಕೊಮ್ಮೆ ಎರಡೂ ಮನೆಯವರು ಅದರಲ್ಲಿಯೇ ಮಲೆಯೂರಿನ ಕನಕಗಿರಿಗೆ ಹೋಗಿ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿ ಬರುವುದು ರೂಢಿ.

ಚಾಲಕನ ಮುಂದಿನ ಉಕ್ಕಿನ ಫಲಕದಲ್ಲಿ ಮಧ್ಯಮ ತರಂಗದ ರೇಡಿಯೊ ಇದೆ: ಎರಡು ಗುಂಡಿಗಳು, ನಡುವೆ ಕಿರಿದಾದ ಗಾಜಿನ ಪಟ್ಟಿ. ತಂದೆಯವರು ಅದರಲ್ಲಿ ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತಿದ್ದರು. ಅಂದು ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸನ್ಸ್ ಪಡೆಯಬೇಕಿತ್ತು. ಆ ಪುಸ್ತಕ ಇಂದಿಗೂ ಕಾರಿನ ಪತ್ರಗಳ ಜೊತೆಯಲ್ಲಿದೆ. ರೇಡಿಯೊ ಮಾತ್ರ ಮೌನವಾಗಿ ಬಹಳ ಕಾಲವಾಯಿತು.

ಹಿರಿಯರ ಮಗನಿಗೆ ಹೊಸ ಸ್ಟೀರಿಯೊ ಬೇಕೆನಿಸಿತು. ಅದೇನೂ ದುರಾಸೆಯಲ್ಲ, ಪ್ರಯಾಣದಲ್ಲಿ ಅಜ್ಜಿಗೂ ಸ್ತೋತ್ರ ಕೇಳಿಸಬಹುದೆಂಬುದು ಅವನ ವಾದ. ಆದರೆ ಇಂದಿನ ಸ್ಟೀರಿಯೊಗೆ ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಕಿಂಡಿ ಬೇಕು. ಫಲಕವನ್ನು ಕತ್ತರಿಸಿ, ಬಾಗಿಲುಗಳಲ್ಲಿ ಸ್ಪೀಕರ್‌ಗಳಿಗೆ ದುಂಡನೆಯ ರಂಧ್ರ ಕೊರೆದರೆ ಒಂದು ದಿನದ ಕೆಲಸವೆಂದು ಕುಶಲಕರ್ಮಿ ಹೇಳಿದನು. ಹಿರಿಯರು ಒಪ್ಪಿದರು. ಸುದ್ದಿ ತಿಳಿದ ಕಿರಿಯರು, ತಮ್ಮನ್ನು ಕೇಳದೆ ತಂದೆಯ ಕಾರಿಗೆ ಗರಗಸ ಹಾಕಬಾರದೆಂದರು. “ವಿಮೆ ನನ್ನದು, ಟೈರು ನನ್ನದು, ಅಪ್ಪಣೆ ಮಾತ್ರ ಅವನದೇ?” ಎಂದು ಹಿರಿಯರು ನೊಂದುಕೊಂಡರು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಪೋಷಿಸುವವನಿಗೆ ಅಧಿಕಾರವಿಲ್ಲವೆನ್ನಲಾಗದು, ಪೋಷಣೆಯೇ ಪೂರ್ಣ ಒಡೆತನವೆನ್ನಲೂ ಆಗದು.

ಕೊನೆಗೆ ತಾಯಿಯ ಮಾತಿಗೆ ಓಗೊಟ್ಟು ಇಬ್ಬರೂ ಚಾಮರಾಜನಗರದ ವೃದ್ಧ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕಾರನ್ನು ತೋರಿಸಿದರು. ಅವರು ಧರ್ಮದ ಮಾತನ್ನಾಡಲಿಲ್ಲ, ತಂತಿಗಳನ್ನು ತೋರಿಸಿದರು. ಆ ಕಾಲದ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಂತೆ ಇದರಲ್ಲಿಯೂ ಬ್ಯಾಟರಿಯ ಧನ ತುದಿಯನ್ನು ಕಾರಿನ ದೇಹಕ್ಕೆ ಜೋಡಿಸಲಾಗಿತ್ತು. ಇಂದಿನ ಸ್ಟೀರಿಯೊಗಳ ಲೋಹದ ಕವಚವಾದರೋ ಋಣ ತುದಿಗೆ ಸೇರಿದ್ದು. ಅದನ್ನು ಹಾಗೆಯೇ ಫಲಕಕ್ಕೆ ಬಿಗಿದರೆ ಎರಡು ತುದಿಗಳೂ ಒಂದಾಗಿ ತಂತಿ ಸುಡುತ್ತದೆ. ಇನ್ನು ಶಕ್ತಿಯ ಲೆಕ್ಕ. ಪೆಟ್ಟಿಗೆಯ ಮೇಲೆ ಬರೆದಂತೆ 50 ವ್ಯಾಟಿನ ನಾಲ್ಕು ಸ್ಪೀಕರ್‌ಗಳು ನಿಜವಾಗಿಯೂ ದುಡಿದರೆ 12 ವೋಲ್ಟಿನಲ್ಲಿ ಸುಮಾರು 17 ಆಂಪಿಯರ್ ಬೇಕು. 45 ವ್ಯಾಟಿನ ಎರಡು ಮುಂದೀಪಗಳಿಗೆ ಬೇಕಾದುದು ಏಳೂವರೆ. ಹಳೆಯ ಡೈನಮೋ ಎರಡನ್ನೂ ಹೊರಲಾರದು. ಬಟ್ಟೆ ಸುತ್ತಿದ ಹಳೆಯ ತಂತಿಗಳಂತೂ ಮೊದಲೇ ಸೋಲುತ್ತವೆ.

ಅವರು ಸೂಚಿಸಿದ ಉಪಾಯ ಸರಳ. ಒಂದು ಮರದ ಪೆಟ್ಟಿಗೆಯಲ್ಲಿ ಸುಮಾರು 20 ವ್ಯಾಟಿನ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್. ಬ್ಯಾಟರಿಯಿಂದಲೇ ಪ್ರತ್ಯೇಕವಾದ ಎರಡು ತಂತಿ, ನಡುವೆ ಫ್ಯೂಸ್. ಹಾಡು ಬರುವುದು ಮೊಬೈಲಿನಿಂದ. ಮರ ವಿದ್ಯುತ್ತನ್ನು ಹರಿಯಗೊಡದಾದ್ದರಿಂದ ದೇಹದ ಲೋಹಕ್ಕೆ ಸಂಪರ್ಕವಿಲ್ಲ. ಪೆಟ್ಟಿಗೆ ಮುಂದಿನ ಆಸನದ ಕೆಳಗೆ. ಹಳೆಯ ರೇಡಿಯೊ ತನ್ನ ಸ್ಥಾನದಲ್ಲಿಯೇ. ಇದರಿಂದ ನಷ್ಟವಿಲ್ಲವೆಂದಲ್ಲ. ಯುವಕನು ಬಯಸಿದ ಗಂಭೀರ ನಾದ ಆಸನದ ಕೆಳಗಿನಿಂದ ಬರಲಿಲ್ಲ. ಎಂಜಿನ್ನಿನ ಸದ್ದನ್ನು ಮೀರುವಷ್ಟು ಗಟ್ಟಿಯೂ ಆಗಲಿಲ್ಲ. ಆದರೆ ಗುಂಡ್ಲುಪೇಟೆಯಿಂದ ಊಟಿಯ ಕಡೆಗೂ ಸುಲ್ತಾನ್ ಬತ್ತೇರಿಯ ಕಡೆಗೂ ಹೋಗುವ ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯುತ್ತವೆ. ಅಲ್ಲಿ ಕಿಟಕಿಯಾಚೆಗೆ ಕೇಳದ ಸಂಗೀತವನ್ನು ದೋಷವೆಂದು ಎಣಿಸಬೇಕಾಗಿಲ್ಲ.

50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳನ್ನು ಹೊರಡಿಸಿತು. ವಾಹನವು ಮೂಲ ಸ್ವರೂಪದಲ್ಲಿರಬೇಕು, ಷಾಸಿ, ದೇಹ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬುದು ಅವುಗಳ ಆಶಯ. ಆದರೆ ಒಂದು ಕಿಂಡಿಯನ್ನು ಕತ್ತರಿಸಬೇಕೇ ಬೇಡವೇ ಎಂಬುದಕ್ಕೆ ಸರ್ಕಾರದ ನಿಯಮಕ್ಕಿಂತ ಮನೆಯ ವಿವೇಕವೇ ಹತ್ತಿರದ ಪ್ರಮಾಣ. ಸೇರಿಸಿದ್ದನ್ನು ತೆಗೆಯಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು. ಹಲವರಿಗೆ ಸೇರಿದ ವಸ್ತುವಿನಲ್ಲಿ ಮೊದಲನೆಯದಕ್ಕೆ ಒಬ್ಬನ ಇಚ್ಛೆ ಸಾಕಾದೀತು, ಎರಡನೆಯದಕ್ಕೆ ಎಲ್ಲರ ಒಪ್ಪಿಗೆ ಬೇಕು. ಮನೆಗೆ ಸಲ್ಲುವ ಈ ಮಾತು ಹಳೆಯ ಬಸದಿಯ ಗೋಡೆಗೆ ಧ್ವನಿವರ್ಧಕ ಬಿಗಿಯಹೊರಟ ಟ್ರಸ್ಟಿಗೂ ಸಲ್ಲುತ್ತದೆ.

ಪೆಟ್ಟಿಗೆಯ ವೆಚ್ಚದಲ್ಲಿ ಅರ್ಧವನ್ನು ಕಿರಿಯರು ಕೇಳದೆಯೇ ಕೊಟ್ಟರು. ಯಾವ ತಂತಿ ಎಲ್ಲಿಂದ ಬಂದಿದೆ, ಅದನ್ನು ಹೇಗೆ ತೆಗೆಯಬೇಕು ಎಂಬುದನ್ನು ಹಿರಿಯರು ಒಂದು ಹಾಳೆಯಲ್ಲಿ ಬರೆದು, ಆ ಹಳೆಯ ಲೈಸನ್ಸ್ ಪುಸ್ತಕದೊಳಗೆ ಇಟ್ಟಿದ್ದಾರೆ.