ಹೆಡ್‌ಲೈಟ್ ಮಿಣುಕಿದಾಗ

ಸಹೋದರಿ, ಮಕ್ಕಳನ್ನು ಶಾಲೆಗೆ ಬಿಡಲು ನೀವೇ ಕಾರು ಓಡಿಸುತ್ತೀರಿ. ಹೆಡ್‌ಲೈಟ್ ಮಿಣುಕತೊಡಗಿದರೆ ಮಾತ್ರ 'ಅವರು ಬರಲಿ' ಎಂದು ಕಾಯುತ್ತೀರಿ. ಅವರು ಗಲ್ಫಿನಲ್ಲಿದ್ದು, ನಡುರಾತ್ರಿ ಮಗುವಿಗೆ ಜ್ವರ ಏರಿದರೆ?

ದಾರಿಯಿಂದ ಅಡಚಣೆ ನಿವಾರಿಸುವುದೂ ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕತ್ತಲಲ್ಲಿ ದೀಪ ಕೈಕೊಡುವ ಕಾರು ಎದುರಿನವರಿಗೆ ಅಡಚಣೆಯಲ್ಲದೆ ಇನ್ನೇನು?

ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ದೀಪ ಹಾಕಿ. ಒಂದೇ ದೀಪ ಮಿಣುಕಿದರೆ ಆ ಬದಿಯ ಬಲ್ಬು, ಹೋಲ್ಡರ್, ಅರ್ತ್ ವಯರ್ ಸಡಿಲವಾಗಿದೆಯೇ ನೋಡಿ. ಎರಡೂ ಮಿಣುಕಿದರೆ ಮೊದಲು ಬ್ಯಾಟರಿಯ ಟರ್ಮಿನಲ್ ನೋಡಿ. ನಮ್ಮ ಕಾರಿಗೆ ಹೊಸ ಬ್ಯಾಟರಿಯೇ ಬೇಕೆಂದಿದ್ದರು ಗ್ಯಾರೇಜಿನವರು. ಇದ್ದದ್ದು ಟರ್ಮಿನಲ್ ಮೇಲೆ ಬಿಳಿ ಪುಡಿ ಮಾತ್ರ! ಇಂಜಿನ್ ಆರಿಸಿ, ಕೈಗವಸು ತೊಟ್ಟು, ಮೊದಲು ಮೈನಸ್, ಆಮೇಲೆ ಪ್ಲಸ್ ಕಳಚಿ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ಒರೆಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದು ಮೇಲೆ ವ್ಯಾಸಲೀನ್ ಸವರಿ.

ಆಮೇಲೂ ಮಿಣುಕಿದರೆ ಇಂಜಿನ್ ಓಡುತ್ತಿರುವಾಗ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ತೋರಿಸಬೇಕು. ಅಂಕಿ ಕುಣಿಯುತ್ತಿದ್ದರೆ ಆಲ್ಟರ್ನೇಟರಿನ ಮೇಲೆ ಸಂಶಯಪಡಬೇಕು. ಅದನ್ನು ಎಲೆಕ್ಟ್ರೀಷಿಯನ್‌ಗೇ ಬಿಡಿ.